ಸಂತೋಷದಿಂದ ಕೊಡುವುದಕ್ಕೂ ತಯಾರಿ ಬೇಕು

ಸಂತೋಷವಾಗಿ ಕೊಡುವವನನ್ನು ದೇವರು ಮೆಚ್ಚುತ್ತಾನೆ ಎಂಬ ಬೈಬಲಿನ ಮಾತನ್ನು (2 ಕೊರಿಂಥ 9:7) ಕ್ರೈಸ್ತ ಸಭೆಯ ಕಾಣಿಕೆಯ ಬಗ್ಗೆ ನಾನು ಓದಿದ ಲೇಖನ ಎತ್ತಿಕೊಂಡಿದ್ದು ಸರಿ. ಆದರೆ ಅದರಿಂದ ‘ಮನಸ್ಸು ಬಂದಾಗ ಕೊಟ್ಟರಾಯಿತು’ ಎಂಬ ಅರ್ಥ ತೆಗೆದದ್ದು ಒಪ್ಪುವಂಥದ್ದಲ್ಲ. ಹೃದಯದಲ್ಲಿ ಮೊದಲೇ ನಿಶ್ಚಯಿಸಿಕೊಂಡಷ್ಟು ಕೊಡಲಿ ಎನ್ನುವುದೂ ಅದೇ ವಚನವೇ.

ಕೊರಿಂಥದ ಸಭೆಗೆ ಈ ಪತ್ರಗಳನ್ನು ಬರೆದ ಅಪೊಸ್ತಲ ಪೌಲ ಆಗ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಹಣ ಕೂಡಿಸುತ್ತಿದ್ದ. 1 ಕೊರಿಂಥ 16:2ರಲ್ಲಿ ಕ್ರಮವನ್ನೇ ಹೇಳಿಕೊಟ್ಟಿದ್ದಾನೆ: ವಾರದ ಮೊದಲ ದಿನ, ಪ್ರತಿಯೊಬ್ಬರೂ, ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು, ತಾನು ಬಂದ ಮೇಲೆ ವಸೂಲಿ ಶುರುವಾಗಬಾರದು. ಎದುರಿಗೆ ನಿಂತು ಕೇಳಿದರೆ ದಾಕ್ಷಿಣ್ಯಕ್ಕೆ ಜೇಬಿಗೆ ಕೈ ಹೋಗುತ್ತದೆ, ಮನಸ್ಸು ಹೋಗುವುದಿಲ್ಲ. ಮಿಜೋರಾಮಿನ ಮನೆಗಳ ‘ಹಿಡಿ ಅಕ್ಕಿ’ ಪದ್ಧತಿಯೂ ಇದೇ ಜಾಣ್ಮೆಯದು. ಅಡುಗೆಗೆ ಅಕ್ಕಿ ತೆಗೆಯುವಾಗಲೇ ಒಂದು ಹಿಡಿ ಬೇರೆ ಇಡುತ್ತಾರೆ, ಉಂಡು ಮಿಕ್ಕಿದ್ದನ್ನಲ್ಲ. ಸಭೆ ಅದನ್ನು ಕೂಡಿಸಿ, ಮಾರಿ, ಸೇವೆಗೆ ಬಳಸುತ್ತದೆ. ಬಡವರ ಮನೆಯೂ ಹೊರಗುಳಿಯುವುದಿಲ್ಲ.

ಕೆಡುವುದು ಎಲ್ಲಿ? ಹೆಸರು, ಮೊತ್ತ ಓದಿ ಹೇಳುವಲ್ಲಿ (ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಿರಲಿ ಎನ್ನುವ ಮತ್ತಾಯ 6:3 ಆ ದಿನ ಯಾರಿಗೂ ನೆನಪಾಗದು!). ‘ನೂರರಷ್ಟು ವಾಪಸ್ ಬರುತ್ತದೆ’ ಎಂದು ಚೀಟಿ ವ್ಯವಹಾರದಂತೆ ಆಸೆ ಹುಟ್ಟಿಸುವಲ್ಲಿ. ಸಾಲ ಮಾಡಿ ಕೊಡುವವರು 2 ಕೊರಿಂಥ 8:12 ನೋಡಲಿ. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಇಲ್ಲದ್ದನ್ನು ಯಾರೂ ಕೇಳಿಲ್ಲ. ಅಂದಹಾಗೆ, 2 ಕೊರಿಂಥದ 8, 9ನೇ ಅಧ್ಯಾಯಗಳಲ್ಲಿ ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕೊಡುವ, ಸುದ್ದಿಯೇ ಇಲ್ಲ.

ಪಡೆಯುವವರ ಹೊಣೆಯನ್ನು ಲೇಖನ ಮುಟ್ಟಿಲ್ಲ. ಹಣದ ಕೆಲಸಕ್ಕೆ ತನ್ನ ಜೊತೆಗೆಲಸದವನಾದ ತೀತನೊಬ್ಬನನ್ನೇ ಕಳಿಸದೆ ಪೌಲ ಇನ್ನಿಬ್ಬರನ್ನು ಜೊತೆಮಾಡಿದ್ದು ಯಾರೂ ಬೆರಳು ತೋರಿಸಬಾರದೆಂದೇ (2 ಕೊರಿಂಥ 8:18–22). ಕಾಣಿಕೆ ಎಣಿಸುವಾಗ ಕನಿಷ್ಠ ಇಬ್ಬರಿದ್ದು, ಲೆಕ್ಕವನ್ನು ಸಭೆಯ ಮುಂದಿಟ್ಟರೆ ಕೊಡುವ ಕೈ ತಾನಾಗಿ ಸಡಿಲವಾಗುತ್ತದೆ.