ಹಡಗಿನ ವರ್ಣನೆ ಸಾಕು, ದ್ವೀಪದಲ್ಲಿ ಎಷ್ಟು ಗಂಟೆ ಎಂದು ಹೇಳಿ

ನಿನ್ನೆ ಅಕ್ಕ ಮತ್ತು ಭಾವನವರ ಜೊತೆ ಪ್ರವಾಸ ಸಂಸ್ಥೆಯೊಂದರ ಕಚೇರಿಗೆ ಹೋಗಿ ಬಂದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಗ್ರೀಸಿನ ದ್ವೀಪಗಳನ್ನು ನೋಡಬೇಕೆಂದು ಅಕ್ಕ ಎಷ್ಟು ಕಾಲದಿಂದ ಹಂಬಲಿಸುತ್ತಿದ್ದಾಳೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಕ್ಷೆ ಮತ್ತು ದ್ವೀಪಗಳ ಮಾತೆತ್ತಿದರೆ ನನಗೆ ಹಸಿವು ನಿದ್ರೆ ಮರೆತುಹೋಗುತ್ತದೆ ಎಂಬುದೂ ಗೊತ್ತು, ಅದಕ್ಕೇ ನನ್ನನ್ನು ಜೊತೆಗೆ ಕರೆದಿದ್ದಳು. ಅಲ್ಲಿದ್ದ ಯುವಕ ಪುಸ್ತಿಕೆ ತೆರೆದು ಒಂದೇ ಸಮನೆ ದ್ವೀಪ ಸುತ್ತುವ ಪ್ರವಾಸಿ ಹಡಗನ್ನು (ಕ್ರೂಸ್) ತೋರಿಸಿದ. ಈಜುಕೊಳ, ರಂಗಮಂದಿರ, ಬಗೆಬಗೆಯ ಭೋಜನಶಾಲೆಗಳು, ಬಾಲ್ಕನಿ ಇರುವ ಕೋಣೆ, ಕಿಟಕಿ ಮಾತ್ರ ಇರುವ ಕೋಣೆ, ಎರಡೂ ಇಲ್ಲದ ಕೋಣೆ. "ಸ್ಯಾಂಟೊರಿನಿ ದ್ವೀಪಕ್ಕೆ ಹಡಗು ಎಷ್ಟು ಹೊತ್ತಿಗೆ ತಲುಪುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ?" ಎಂದು ಕೇಳಿದೆ. ಆತ ಪುಟ ಮಗುಚುತ್ತಾ ಮಗುಚುತ್ತಾ ಕೊನೆಯ ಪುಟಕ್ಕೆ ಹೋದ. ಸಣ್ಣಕ್ಷರದ ಪಟ್ಟಿಯಲ್ಲಿ ಇತ್ತು: ಆಗಮನ ಸಂಜೆ 4.30, ನಿರ್ಗಮನ ರಾತ್ರಿ 9. ದ್ವೀಪದ ಹೆಸರಿನ ಪಕ್ಕದಲ್ಲಿ ಪುಟ್ಟದೊಂದು ಲಂಗರಿನ ಚಿಹ್ನೆ. ಅದೇನೆಂದು ಅವನೂ ಹೇಳಲಿಲ್ಲ, ಪಟ್ಟಿಯ ಅಡಿಯಲ್ಲೂ ವಿವರಣೆ ಇರಲಿಲ್ಲ.

ಆ ಲಂಗರಿನ ಚಿಹ್ನೆಯಲ್ಲೇ ಎಲ್ಲವೂ ಇದೆ. ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ, ನಿಮ್ಮನ್ನು ಸಣ್ಣ ದೋಣಿಗಳಲ್ಲಿ ತಂಡತಂಡವಾಗಿ ಇಳಿಸುತ್ತಾರೆ ಎಂದು ಅದರ ಅರ್ಥ. ಸ್ಯಾಂಟೊರಿನಿಯ ಕೊಲ್ಲಿ ಎಂದರೆ ಸಮುದ್ರ ತುಂಬಿಕೊಂಡ ಜ್ವಾಲಾಮುಖಿಯ ಬಾಯಿ. ದೊಡ್ಡ ಪ್ರವಾಸಿ ಹಡಗು ಬಂದು ಒರಗುವ ಧಕ್ಕೆ ಅಲ್ಲಿಲ್ಲ. ದೋಣಿ ಇಳಿಸುವುದು ಫಿರಾ ಪಟ್ಟಣದ ಕೆಳಗಿನ ಹಳೆಯ ಬಂದರಿನಲ್ಲಿ. ಪಟ್ಟಣ ಇರುವುದು ಇನ್ನೂರು ಮೀಟರಿಗಿಂತ ಎತ್ತರದ ಕಡಿದಾದ ಬಂಡೆಯ ನೆತ್ತಿಯ ಮೇಲೆ. ಹತ್ತಲು ಸುಮಾರು ಆರುನೂರು ಮೆಟ್ಟಿಲುಗಳಿವೆ, ಅದೇ ಮೆಟ್ಟಿಲುಗಳ ಮೇಲೆ ಹೇಸರಗತ್ತೆಗಳೂ ಓಡಾಡುತ್ತವೆ. ಬೇಡವೆಂದರೆ ಕೇಬಲ್ ಕಾರ್ ಇದೆ. ಒಂದೊಂದರಲ್ಲಿ ಆರು ಜನ ಕೂರುವ ಆರು ಪುಟ್ಟ ಡಬ್ಬಿಗಳು ಒಟ್ಟಿಗೆ ಮೇಲೇರುತ್ತವೆ, ಅಂದರೆ ಒಂದು ಸಲಕ್ಕೆ 36 ಜನ. ಕೆಳಗೆ ಕಾಯುವವರು ಸಾವಿರಗಟ್ಟಲೆ. ಹದಿನೈದು ಸಾವಿರದಷ್ಟು ಜನರಿರುವ ದ್ವೀಪಕ್ಕೆ ಹಡಗಿನಿಂದ ಇಳಿಯುವವರ ಸಂಖ್ಯೆಯನ್ನು ದಿನಕ್ಕೆ 8,000 ಎಂದು ಮಿತಿಗೊಳಿಸುವ ಪರಿಸ್ಥಿತಿ ಸುಮ್ಮನೆ ಬರಲಿಲ್ಲ.

ಈಗ ಲೆಕ್ಕ ಹಾಕಿ. ನಾಲ್ಕೂವರೆಗೆ ಹಡಗು ನಿಂತಿತು. ಹಡಗಿನವರಿಂದಲೇ ದ್ವೀಪದ ಸುತ್ತಾಟದ ಟಿಕೆಟ್ ಕೊಂಡವರನ್ನು ಸಾಮಾನ್ಯವಾಗಿ ಮೊದಲು ಇಳಿಸುತ್ತಾರೆ, ಉಳಿದವರು ಸರದಿಗಾಗಿ ಕಾಯಬೇಕು. ದೋಣಿ, ಮೇಲೆ ಹತ್ತುವ ಸರತಿ, ಮತ್ತೆ ಕೆಳಗಿಳಿಯುವ ಸರತಿ. ಕೊನೆಯ ದೋಣಿ ಹಡಗು ಬಿಡುವುದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಹೊರಡುತ್ತದೆ. ಅಕ್ಕ ಫೋಟೋದಲ್ಲಿ ನೋಡಿ ಮೋಹಗೊಂಡ ಇಯಾ ಎಂಬ ಹಳ್ಳಿ ಫಿರಾದಿಂದ ಹತ್ತು ಕಿಲೋಮೀಟರ್‌ನಷ್ಟು ದೂರ, ದ್ವೀಪದ ಇನ್ನೊಂದು ತುದಿಯಲ್ಲಿದೆ. ಅಕ್ಕ ಅಲ್ಲಿ ಸೂರ್ಯಾಸ್ತ ನೋಡುವುದು ಯಾವಾಗ?

ಇಳಿದವರು ಒಂದು ಗಂಟೆ ಇರಲಿ, ಇಡೀ ದಿನ ಇರಲಿ, 2025ರ ಜುಲೈಯಿಂದ ಜಾರಿಯಲ್ಲಿರುವ ಸುಂಕ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ ಮತ್ತು ಮಿಕೊನೋಸ್ ದ್ವೀಪಗಳಿಗೆ ತಲೆಗೆ 20 ಯೂರೋ. ಆ ಸುಂಕದ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. ದ್ವೀಪದ ನೀರು, ರಸ್ತೆ, ಕಸದ ಹೊರೆಯನ್ನು ಹೊರುವವರು ಅಲ್ಲಿನ ಜನ. ನನ್ನ ತಕರಾರು ಮಾರುವವರ ಮೇಲೆ. ದ್ವೀಪದ ಹೆಸರು ಹೇಳಿ ಹಣ ಪಡೆಯುತ್ತೀರಿ, ಕೊಡುವುದು ಹಡಗನ್ನು.

ಹಡಗಿಗಾಗಿಯೇ ಹಡಗು ಹತ್ತುವವರಿದ್ದಾರೆ, ಅವರ ಸಂತೋಷ ಅವರಿಗೆ. 2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' 20 ಅಂತಸ್ತಿನದು, ತುಂಬಿದರೆ ಏಳೂವರೆ ಸಾವಿರ ಪ್ರಯಾಣಿಕರು ಹಿಡಿಸುತ್ತಾರೆ. ಅದು ತೇಲುವ ಊರು, ಅದರೊಳಗೇ ವಾರ ಕಳೆಯಬಹುದು. ಕೆರಿಬಿಯನ್ ಭಾಗದಲ್ಲಂತೂ ಹಡಗು ಕಂಪನಿಗಳು ಸ್ವಂತ ದ್ವೀಪಗಳನ್ನೇ ಇಟ್ಟುಕೊಂಡಿವೆ. ಬಹಾಮಾಸ್‌ನಲ್ಲಿ ಡಿಸ್ನಿಯ ಹಡಗುಗಳು 1998ರಿಂದ ತಮ್ಮದೇ ದ್ವೀಪಕ್ಕೆ ಜನರನ್ನು ಇಳಿಸುತ್ತಿವೆ. ಮರಳು ಬೆಳ್ಳಗಿದೆ, ನೀರು ತಿಳಿಯಾಗಿದೆ. ಆದರೆ ಅಲ್ಲಿ ಊರಿಲ್ಲ, ಸಂತೆಯಿಲ್ಲ, ಬಾಗಿಲಲ್ಲಿ ಕುಳಿತು ಬಲೆ ಹೆಣೆಯುವ ಮುದುಕನಿಲ್ಲ. ಅಂಥದ್ದಕ್ಕೆ 'ದ್ವೀಪದಿಂದ ದ್ವೀಪಕ್ಕೆ' ಎಂಬ ಹೆಸರಿಟ್ಟು ಮಾರುವುದನ್ನು ನಾನು ಒಪ್ಪಲಾರೆ.

ಭಾವ ಹೇಳಿದರು: "ದೊಡ್ಡ ಹಡಗಾದರೆ ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಸಾಕು. ದಿನಾ ಹೋಟೆಲ್ ಬದಲಿಸುವ ಕಾಟವಿಲ್ಲ. ನನ್ನ ಮೊಣಕಾಲಿಗೆ ಅದೇ ಸರಿ." ಮಾತು ನಿಜ. ವಯಸ್ಸಾದವರಿಗೆ, ಎಳೆ ಮಕ್ಕಳಿರುವವರಿಗೆ ಇದಕ್ಕಿಂತ ಸುಲಭದ ಪ್ರಯಾಣ ಕಡಿಮೆ. ಆದರೆ ಮೊಣಕಾಲು ನೋವಿರುವವರೇ ಎಲ್ಲರಿಗಿಂತ ಮೊದಲು ಆ ಲಂಗರಿನ ಚಿಹ್ನೆಯ ಬಗ್ಗೆ ಕೇಳಬೇಕಲ್ಲವೇ? ಅಲೆಗೆ ಏಳುತ್ತಾ ಬೀಳುತ್ತಾ ಇರುವ ದೋಣಿಗೆ ಹೆಜ್ಜೆ ಇಡಬೇಕಾದವರು ಅವರು. ಅಲೆ ಜೋರಾಗಿದ್ದರೆ ಗಾಲಿಕುರ್ಚಿಯಲ್ಲಿರುವವರನ್ನು ದೋಣಿಗೆ ಇಳಿಸಲು ಒಪ್ಪುವುದಿಲ್ಲ. ಗ್ರೀಸಿನದೇ ಇನ್ನೊಂದು ದ್ವೀಪ ರೋಡ್ಸ್‌ನಲ್ಲಾದರೆ ಹಡಗು ನೇರವಾಗಿ ಧಕ್ಕೆಗೆ ಒರಗುತ್ತದೆ, ಕೋಟೆಯ ಗೋಡೆ ಕಣ್ಣೆದುರಿಗೇ ಇರುತ್ತದೆ, ನಿಧಾನಕ್ಕೆ ನಡೆದು ಹಳೆಯ ಪೇಟೆಯೊಳಗೆ ಹೋಗಬಹುದು. ಭಾವನಂಥವರಿಗೆ ಈಜುಕೊಳಗಳ ಸಂಖ್ಯೆಗಿಂತ ನೂರು ಪಾಲು ಮುಖ್ಯವಾದ ಈ ವಿಷಯವನ್ನು ಆ ಕಚೇರಿಯಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ನಾನು ಇಷ್ಟು ಕಾವೇರಲು ಕಾರಣವಿದೆ. ದ್ವೀಪದ ಜೀವ ಇರುವುದು ದಿನದ ಪ್ರವಾಸಿಗರು ತೆರಳಿದ ಮೇಲೆ. ಕ್ರೊಯೇಷಿಯಾದಲ್ಲಿ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್ ಕಡೆಗೆ ಮೂವತ್ತು ನಲವತ್ತು ಜನರ ಸಣ್ಣ ಹಡಗುಗಳು ಹೋಗುತ್ತವೆ. ಹ್ವಾರ್, ಕೊರ್ಚುಲಾ, ಮ್ಲ್ಯೆಟ್ ದ್ವೀಪಗಳನ್ನು ಮುಟ್ಟುತ್ತವೆ. ಮಧ್ಯಾಹ್ನ ಯಾವುದೋ ಕೊಲ್ಲಿಯಲ್ಲಿ ನಿಲ್ಲಿಸಿ ಈಜಲು ಬಿಡುತ್ತಾರೆ, ರಾತ್ರಿ ಊರಿನ ಧಕ್ಕೆಯಲ್ಲೇ ತಂಗುತ್ತಾರೆ. ಎಷ್ಟೋ ಹಡಗುಗಳಲ್ಲಿ ರಾತ್ರಿಯೂಟವನ್ನು ಸೇರಿಸಿರುವುದೇ ಇಲ್ಲ, ಊರಿಗೆ ಹೋಗಿ ಉಣ್ಣಲಿ ಎಂದು. ಧಕ್ಕೆಯಲ್ಲಿ ಜಾಗ ಸಾಲದಾಗ ಹಡಗುಗಳು ಒಂದರ ಮಗ್ಗುಲಿಗೆ ಒಂದು ಕಟ್ಟಿಕೊಂಡು ನಿಲ್ಲುತ್ತವೆ. ಹೊರಗಿನ ಹಡಗಿನಲ್ಲಿರುವವರು ದಡ ಸೇರಲು ಪಕ್ಕದ ಹಡಗಿನ ಅಂಗಳವನ್ನು ದಾಟಿಕೊಂಡೇ ಹೋಗಬೇಕು. ಇಸ್ಪೀಟು ಆಡುತ್ತಾ ಕುಳಿತ ಅಪರಿಚಿತರು ಕಾಲು ಮಡಚಿ ದಾರಿ ಬಿಡುತ್ತಾರೆ, ಹೋದವರು ಹತ್ತು ಗಂಟೆಯ ಮೇಲೆ ಅದೇ ದಾರಿಯಲ್ಲಿ ಶುಭರಾತ್ರಿ ಹೇಳುತ್ತಾ ಮರಳುತ್ತಾರೆ. ಕೊರ್ಚುಲಾದ ಕಲ್ಲುಹಾಸು ಹಗಲಿನ ಬಿಸಿಯನ್ನು ಆಗಲೂ ಬಿಟ್ಟಿರುವುದಿಲ್ಲ, ಚಪ್ಪಲಿ ಕಳಚಿ ನಡೆದರೆ ಅಂಗಾಲಿಗೆ ತಿಳಿಯುತ್ತದೆ. ಅದನ್ನು ಬಲ್ಲವರು ರಾತ್ರಿ ಅಲ್ಲಿ ಉಳಿದವರು ಮಾತ್ರ. ಈ ಹಡಗುಗಳಲ್ಲಿ ಕೋಣೆ ಇಕ್ಕಟ್ಟು, ಹಲವದರಲ್ಲಿ ಲಿಫ್ಟ್ ಇಲ್ಲ, ಗಾಳಿ ಎದ್ದರೆ ದೊಡ್ಡ ಹಡಗಿಗಿಂತ ಹೆಚ್ಚು ಹೊಯ್ದಾಡುತ್ತವೆ. ಹೊಟ್ಟೆ ತೊಳೆಸುವವರು ಯೋಚಿಸಿಯೇ ಹತ್ತಬೇಕು.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಲ್ಲಿ ನೋಡಿ, ಎಷ್ಟು ಚೆಂದದ ಕ್ರಮ! ಅಲ್ಲಿ ದ್ವೀಪ ಸುತ್ತುವ ಹಡಗಿನಲ್ಲಿ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ಇರುವಂತಿಲ್ಲ. ಹದಿನಾರು ಜನರಿಗೆ ಒಬ್ಬರಂತೆ ಮಾರ್ಗದರ್ಶಕರು ಇರಲೇಬೇಕು. ಎರಡು ವಾರದೊಳಗೆ ಒಂದೇ ಹಡಗು ಒಂದೇ ತಾಣಕ್ಕೆ ಮತ್ತೆ ಹೋಗುವಂತಿಲ್ಲ. ಹಾಗಾಗಿ ಒಂದು ವಾರದಲ್ಲಿ ಎಲ್ಲವನ್ನೂ ತೋರಿಸುತ್ತೇವೆ ಎಂದು ಯಾರೂ ಹೇಳಲಾಗದು. ಹಾರಲಾರದ ನೀರುಕಾಗೆಯನ್ನು ನೋಡಬೇಕೆಂದರೆ ಪಶ್ಚಿಮದ ಫರ್ನಾಂಡಿನಾ ದ್ವೀಪ ಇರುವ ಮಾರ್ಗ ಬೇಕು. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಬೇಕೆಂದರೆ ಎಸ್ಪನ್ಯೋಲಾ ದ್ವೀಪ, ಅದೂ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಅಲ್ಲಿಗೆ ಹೋಗುವವರು ಮೊದಲು ದ್ವೀಪ ಆರಿಸುತ್ತಾರೆ, ಆಮೇಲೆ ಆ ದ್ವೀಪಕ್ಕೆ ಹೋಗುವ ಹಡಗು ಹುಡುಕುತ್ತಾರೆ. ಗ್ರೀಸಿನ ಈ ದ್ವೀಪಗಳಿರುವ ಏಜಿಯನ್ ಸಮುದ್ರಕ್ಕೆ ಹೋಗುವವರಿಗೆ ಈ ಕ್ರಮ ಏಕೆ ಬೇಡ?

ಇನ್ನೊಂದು ವಿಷಯ ಆ ಕಚೇರಿಯಲ್ಲಿ ಬರಲೇ ಇಲ್ಲ. ಏಜಿಯನ್‌ನಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಮೆಲ್ಟೆಮಿ ಎಂಬ ಬಡಗಣ ಗಾಳಿ ಬೀಸುತ್ತದೆ. ಅದು ಜೋರಾದರೆ ದೋಣಿ ಇಳಿಸಲಾಗುವುದಿಲ್ಲ, ನಾಯಕ ದ್ವೀಪವನ್ನೇ ಬಿಟ್ಟು ಮುಂದೆ ಹೋಗುತ್ತಾನೆ. ಸುರಕ್ಷತೆಯ ದೃಷ್ಟಿಯಿಂದ ಅವನು ಮಾಡುವುದು ಸರಿ, ಟಿಕೆಟ್ಟಿನ ಷರತ್ತಿನಲ್ಲೂ ಅದಕ್ಕೆ ಅವಕಾಶವಿರುತ್ತದೆ. ಹಡಗಿನ ಟಿಕೆಟ್ಟಿನ ಹಣದಲ್ಲಿ ಪ್ರಯಾಣಿಕರಿಗೆ ಮರಳುವುದು ಸಾಮಾನ್ಯವಾಗಿ ಬಂದರಿನ ಶುಲ್ಕವಷ್ಟೇ. ಒಂದೇ ಒಂದು ದ್ವೀಪದ ಆಸೆಗಾಗಿ ಹಣ ಕೂಡಿಟ್ಟವರಿಗೆ ಇದನ್ನು ಮೊದಲೇ ಹೇಳಬೇಕು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಮೇ ತಿಂಗಳಲ್ಲಿ ಹೋಗು. ಸ್ಯಾಂಟೊರಿನಿಯೇ ಬೇಕೆಂದರೆ ಅಥೆನ್ಸ್ ಪಕ್ಕದ ಪೈರೇಯಸ್ ಬಂದರಿನಿಂದ ಸಾಮಾನ್ಯ ಫೆರಿ ಹಿಡಿ. ಅದು ಒರಗುವುದು ಅಥಿನಿಯೋಸ್ ಎಂಬ ಬೇರೆ ಬಂದರಿನಲ್ಲಿ, ಅಲ್ಲಿಂದ ಬಸ್ಸು ಮೇಲೆ ಕರೆದೊಯ್ಯುತ್ತದೆ, ಭಾವನವರು ಕೇಬಲ್ ಕಾರಿನ ಸರತಿಯಲ್ಲಿ ನಿಲ್ಲಬೇಕಿಲ್ಲ. ಎರಡು ರಾತ್ರಿ ಅಲ್ಲಿ, ಎರಡು ರಾತ್ರಿ ನಕ್ಸೋಸ್ ದ್ವೀಪದಲ್ಲಿ ಇರಿ. ಪೆಟ್ಟಿಗೆ ಎರಡು ಸಲ ಬಿಚ್ಚಿದರೆ ಕೈ ಸವೆಯುವುದಿಲ್ಲ. ಹಡಗೇ ಬೇಕೆಂದು ಭಾವ ಹಟ ಹಿಡಿದರೆ, ದ್ವೀಪದಲ್ಲಿ ಕನಿಷ್ಠ ಒಂದು ರಾತ್ರಿಯಾದರೂ ನಿಲ್ಲುವ ಹಡಗು ಸಿಗುವವರೆಗೆ ಮುಂಗಡ ಕೊಡಬೇಡಿ.

ಅವರಿನ್ನೂ ತೀರ್ಮಾನಿಸಿಲ್ಲ. ನಿಮ್ಮಲ್ಲಿ ಆ ಕಡೆ ಹೋಗಿಬಂದವರಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಹಡಗಿನ ಊಟ ಹೇಗಿತ್ತು ಎಂಬುದು ಬೇಡ. ಎಷ್ಟು ಗಂಟೆಗೆ ನೆಲಕ್ಕೆ ಕಾಲಿಟ್ಟಿರಿ, ಎಷ್ಟು ಗಂಟೆಗೆ ವಾಪಸ್ ದೋಣಿ ಹತ್ತಿದಿರಿ, ನಡುವೆ ಎಷ್ಟು ಹೊತ್ತು ಸಾಲಿನಲ್ಲಿ ನಿಂತಿರಿ, ಅಷ್ಟು ತಿಳಿಸಿ. ಅಕ್ಕನಿಗೆ ಓದಿ ಹೇಳುತ್ತೇನೆ.