ನೀರುಗಂಟಿ ಅಂದ್ರೆ ಯಾರು ಸಾರ್?

ಸರ್ಕಾರಿ ಶಾಲೆಗಳ ಕಲಿಕಾ ಹಬ್ಬದ, ಅಂದರೆ ಮಕ್ಕಳು ಆಡುತ್ತಾ ಮಾಡುತ್ತಾ ಕಲಿಯುವ ಹಬ್ಬದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ವೇದಿಕೆ, ಮೆರವಣಿಗೆಯ ಮಾತೇ ಜಾಸ್ತಿಯಾಯಿತು. ನಿಜವಾದ ಹಬ್ಬ ಇರುವುದು ಕೆಳಗೆ, ಮಕ್ಕಳ ನಡುವೆ ಅಲ್ವಾ?

2023ರಲ್ಲಿ ಕ್ಲಸ್ಟರ್ ಮಟ್ಟದ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳು ಸೇರಿ ಮಾಡುವ ಹಬ್ಬ ನಮ್ಮೂರ ಶಾಲೆಯಲ್ಲೇ ನಡೆಯಿತು. ಹಳೇ ಪೇಪರಿನ ಟೋಪಿ ಹಾಕಿಕೊಂಡು ಮಕ್ಕಳೆಲ್ಲ ಊರು ನೋಡಲು ಹೊರಟರು. ಕೆರೆ ಏರಿ ಮೇಲೆ ಒಬ್ಬ ಅಜ್ಜ ಸಿಕ್ಕಿದರು. ಅವರ ಅಪ್ಪ ನೀರುಗಂಟಿಯಂತೆ. "ನೀರುಗಂಟಿ ಅಂದ್ರೆ ಯಾರು ಸಾರ್?" ಎಂದು ಒಬ್ಬ ಹುಡುಗ ಮೇಷ್ಟ್ರನ್ನು ಕೇಳಿದ. ಮೇಷ್ಟ್ರು ಅಜ್ಜನ ಮುಖ ನೋಡಿದರು! ನೀರುಗಂಟಿ ಕೆರೆಯ ತೂಬು ಎತ್ತಿ ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು, ತಡರಾತ್ರಿ ಕದ್ದು ಮಡೆ ತಿರುಗಿಸಿ ತಮ್ಮ ಗದ್ದೆಗೆ ನೀರು ಹಾಯಿಸಿಕೊಂಡವರನ್ನು ಲಾಟೀನು ಹಿಡಿದು ಹುಡುಕುವುದು, ಎಲ್ಲವನ್ನೂ ಅಜ್ಜ ಕಥೆ ಮಾಡಿ ಹೇಳಿದರು. ಒಂದು ಮಗುವೂ ಅಲುಗಾಡಲಿಲ್ಲ. ನಾನೂ ಅಲ್ಲೇ ಕೂತುಬಿಟ್ಟೆ.

ಆಮೇಲೆ ಶಾಲೆಗೆ ಬಂದರೆ ಭಾಷಣವೋ ಭಾಷಣ. ಟೋಪಿಗಳೆಲ್ಲ ಬೀಸಣಿಗೆಯಾದವು. ಮುಂದಿನ ಸಲ ಆ ಅಜ್ಜನಿಗೇ ಮೈಕ್ ಕೊಡಿ. ಅಲ್ಲ, ಮೈಕ್ ಯಾಕೆ, ಸುಮ್ನೆ ಮಕ್ಕಳನ್ನು ಏರಿ ಮೇಲೆ ಬಿಡಿ.