ಮುಸ್ಸಂಜೆಯ ಸಾವಾ

ತಂಗಿ ಮಾಂಟ್ರಿಯಲ್‌ಗೆ ಹೋಗಿ ನಾಲ್ಕು ವರ್ಷವಾಯಿತು. ಅಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ 1977ರಲ್ಲಿ ಬಂದ ಕಾನೂನಿನ ಪ್ರಕಾರ, ಹೊರಗಿನಿಂದ ಬಂದವರ ಮಕ್ಕಳು ಸರ್ಕಾರಿ ಶಾಲೆಗೆ ಹೋದರೆ ಹೆಚ್ಚುಕಮ್ಮಿ ಎಲ್ಲರೂ ಫ್ರೆಂಚ್‌ನಲ್ಲೇ ಓದಬೇಕು. ಹಾಗಾಗಿ ಅವಳ ಆರು ವರ್ಷದ ಮಗಳು ವಿಡಿಯೋ ಕಾಲ್‌ನಲ್ಲಿ ಗುಟ್ಟಿನ ಮಾತೆಲ್ಲ ಫ್ರೆಂಚ್‌ನಲ್ಲಿ ಆಡಿ ಕಿಸಕ್ಕನೆ ನಗುತ್ತಾಳೆ. ನನ್ನನ್ನೇ ಆಡಿಕೊಳ್ಳುತ್ತಿದ್ದಾಳೆ ಅನ್ನೋ ಅನುಮಾನಕ್ಕೆ, ನಲವತ್ತಾರನೇ ವಯಸ್ಸಲ್ಲಿ ನಾನು ಆನ್‌ಲೈನ್ ಕ್ಲಾಸಿಗೆ ಸೇರಿದೆ.

ಕ್ಲಾಸು ಸಂಜೆ ಆರೂವರೆಗೆ. ನಮ್ಮತ್ತೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ. ಮೊದಲ ಪಾಠ ‘ಹೇಗಿದ್ದೀರಿ’. ಅದಕ್ಕೆ ಫ್ರೆಂಚ್‌ನಲ್ಲಿ ‘ಸಾ ವಾ?’ ಅನ್ನಬೇಕು, ಉತ್ತರವೂ ‘ಸಾ ವಾ’. ಹನ್ನೆರಡು ಜನ ಸರದಿ ಪ್ರಕಾರ ‘ಸಾವಾ? ಸಾವಾ!’ ಅಂತ ಕೇಳಿ ಹೇಳಿ ಮಾಡುತ್ತಿದ್ದರೆ, ಅತ್ತೆ ಕೈಯಲ್ಲಿ ಊದುಬತ್ತಿ ಹಿಡ್ಕೊಂಡೇ ಬಂದರು.

“ದೀಪ ಹಚ್ಚೋ ಹೊತ್ತಲ್ಲಿ ಯಾರದ್ದೇ ಸಾವು? ಬಿಡ್ತು ಅನ್ನು!”

“ಬಿಡ್ತು” ಅಂದೆ. ಮೈಕ್ ಆನ್ ಇತ್ತು. ಮೇಡಂ ಅದನ್ನೂ ಫ್ರೆಂಚ್ ಅಂದುಕೊಂಡು, “ಇನ್ನೊಂದು ಸಲ ಹೇಳಿ, ಉಚ್ಚಾರಣೆ ಸರಿಮಾಡೋಣ” ಅಂದರು.

ನಮಗೆ ಮೇಜು, ಸೌಟು, ಚಾಕು ಎಲ್ಲ ಸುಮ್ನೆ ‘ಅದು’. ಅವರಿಗೆ ಮೇಜು ಹೆಣ್ಣು, ಚಾಕು ಗಂಡು. ಮೀಸೆ ಹೆಣ್ಣಂತೆ! ನಮ್ಮನೆಯವರಿಗೆ ಹೇಳಿದೆ, ಒಮ್ಮೆ ಮುಟ್ಟಿ ನೋಡಿಕೊಂಡರು. ಗಂಡನಿಗೆ ಫ್ರೆಂಚ್‌ನಲ್ಲಿ ‘ಮರಿ’ ಅನ್ನುತ್ತಾರೆ. ಇದೊಂದು ಪದ ಮಾತ್ರ ಬಾಯಿಪಾಠ ಮಾಡದೆಯೇ ಬಂತು.

ಆಮೇಲೆ ಸಂಖ್ಯೆ. ಅರವತ್ತೊಂಬತ್ತರವರೆಗೆ ಸಭ್ಯವಾಗಿಯೇ ಹೋಗುತ್ತೆ. ಎಪ್ಪತ್ತು ಅನ್ನೋದಕ್ಕೆ ‘ಅರವತ್ತು-ಹತ್ತು’, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’. ಮೇಡಂ ನನ್ನನ್ನೇ ಹಿಡಿದು 97 ಹೇಳಿ ಅಂದರು. ನಾಲ್ಕು ಇಪ್ಪತ್ತು, ಹತ್ತು, ಏಳು ಅಂತ ಮನಸ್ಸಲ್ಲೇ ಕೂಡಿಸಿ ‘ಕತ್ರ್ ವ್ಯಾಂ...’ ಅನ್ನೋಷ್ಟರಲ್ಲಿ ಕುಕ್ಕರ್ ಕೂಗಿತು. ಅದು ಮೂರನೆಯದೋ ಐದನೆಯದೋ ಗೊತ್ತಿಲ್ಲ, ಅವತ್ತು ಬೇಳೆ ಗಂಜಿಯಾಗಿತ್ತು. ಸ್ವಿಟ್ಜರ್ಲೆಂಡಿನವರು, ಬೆಲ್ಜಿಯಂನವರು ತೊಂಬತ್ತಕ್ಕೆ ನೆಟ್ಟಗೆ ‘ನೊನಾಂತ್’ ಅಂತಾರೆ. ತಂಗಿ ಅಲ್ಲಿಗೇ ಹೋಗಬಾರದಿತ್ತಾ?

ಆದರೆ ನನಗೆ ಕೈಕೊಟ್ಟಿದ್ದು ‘ಸ’. ಎರಡು ಸ್ವರಗಳ ಮಧ್ಯೆ ಒಂದೇ ‘ಎಸ್’ ಇದ್ದರೆ ‘ಜ಼’ ಅನ್ನಬೇಕು, ಎರಡಿದ್ದರೆ ‘ಸ’ನೇ. ನನ್ನ ಬಾಯಲ್ಲಿ ‘ಜ಼’ ಹೊರಡದೆ ಮೇಡಂ ಮೂರು ವಾರ ತಿದ್ದಿದರು. ಕೊನೆಗೆ ಬಂತು. ಬಂದ ಖುಷಿಗೆ ಎಲ್ಲ ಕಡೆ ಅದನ್ನೇ ಹಾಕತೊಡಗಿದೆ.

ಹೋದ ಭಾನುವಾರ ತಂಗಿ ಮಗಳು ಕಾಲ್‌ನಲ್ಲಿದ್ದಳು. ನಮ್ಮನೇಲಿ ಬಂಗುಡೆ ಸಾರಿನ ಊಟ ಮುಗಿದಿತ್ತು. ಜಂಬದಿಂದ, ‘ಮೀನು ತಿಂದೆ’ ಅಂತ ಫ್ರೆಂಚ್‌ನಲ್ಲಿ ಹೇಳಿದೆ. ಮೀನು ‘ಪ್ವಾಸೋಂ’. ನಾನು ಹೇಳಿದ್ದು ‘ಪ್ವಾಜ಼ೋಂ’. ಹುಡುಗಿ ಕಣ್ಣರಳಿಸಿ ಕಿರುಚಿದಳು.

“ಅಮ್ಮಾ, ದೊಡ್ಡಮ್ಮ ವಿಷ ತಿಂದ್ಲಂತೆ!”

ಒಳಗಿನಿಂದ ಅತ್ತೆ ದನಿ ಕೇಳಿಸಿತು: “ದಿನಾ ಸಂಜೆ ಸಾವು ಸಾವು ಅಂತಿದ್ಲು, ನಾನು ಹೇಳಿರಲಿಲ್ವಾ?”